ಸ್ವಪ್ನ, ನಿಮಿತ್ತ ಮತ್ತು ಬಾಳಿನ ತಿರುವು

ಪುರಾಣಪುರುಷರ ಚರಿತ್ರೆಗಳನ್ನು ಶ್ರದ್ಧೆಯಿಂದ ಓದಿದವರಿಗೆ ಒಂದು ಸಂಗತಿ ಸ್ಪಷ್ಟವಾಗಿ ಗೋಚರಿಸುತ್ತದೆ. ಅವುಗಳಲ್ಲಿ ಯಾವ ಮಹತ್ಕಾರ್ಯವೂ ಮುನ್ಸೂಚನೆಯಿಲ್ಲದೆ ಜರುಗುವುದಿಲ್ಲ. ತೀರ್ಥಂಕರನು ಗರ್ಭಕ್ಕೆ ಅವತರಿಸುವ ಮುನ್ನ ಮಾತೆಗೆ ಕನಸುಗಳು ಬೀಳುತ್ತವೆ. ಚಕ್ರವರ್ತಿಯ ಗರ್ವ ಮುರಿಯುವ ಮುನ್ನ ಅವನ ಚಕ್ರವೇ ನಿಂತುಹೋಗುತ್ತದೆ. ಕ್ಷಾಮ ಬರುವ ಮುನ್ನ ತೊಟ್ಟಿಲ ಕೂಸು ಮಾತನಾಡುತ್ತದೆ. ಆದರೆ ನಿತ್ಯಜೀವನದಲ್ಲಿ ಮನುಷ್ಯರ ಪಾಡು ಹೀಗಿಲ್ಲ. ಬಾಳನ್ನೇ ಬದಲಿಸುವ ಘಳಿಗೆ ಹೇಳದೆ ಕೇಳದೆ ಬಾಗಿಲಿಗೆ ಬಂದು ನಿಲ್ಲುತ್ತದೆ. ಕಥೆ ಹೇಳುವವನಿಗೆ ಅದರ ಕೊನೆ ಮೊದಲೇ ತಿಳಿದಿರುತ್ತದೆ. ಬಾಳುವವನಿಗೆ ತನ್ನ ನಾಳೆ ತಿಳಿದಿರುವುದಿಲ್ಲ. ಈ ಅಂತರವನ್ನು ಮನಸ್ಸಿನಲ್ಲಿಟ್ಟುಕೊಂಡು ಪೂರ್ವಿಕರು ಸೂಚನೆಗಳ ವಿಷಯವಾಗಿ ಏನನ್ನು ಹೇಳಿದ್ದಾರೆ, ಶಿಲಾಶಾಸನಗಳು ಏನನ್ನು ಉಳಿಸಿಕೊಟ್ಟಿವೆ ಎಂಬುದನ್ನು ಪರಿಶೀಲಿಸುವುದು ಉಚಿತವಾಗಿದೆ.

ನಿಮಿತ್ತವೆಂಬ ಪದದ ಎರಡು ಅರ್ಥಗಳು

ಮುಂದೆ ಆಗಲಿರುವುದನ್ನು ಸೂಚಿಸುವ ಚಿಹ್ನೆಗೆ ಜೈನಾಚಾರ್ಯರು ನಿಮಿತ್ತವೆಂದು ಹೆಸರಿಟ್ಟರು. ಅಂತರಿಕ್ಷ, ಭೌಮ, ಅಂಗ, ಸ್ವರ, ವ್ಯಂಜನ, ಲಕ್ಷಣ, ಛಿನ್ನ, ಸ್ವಪ್ನ ಎಂದು ಅದರಲ್ಲಿ 8 ಬಗೆಗಳನ್ನು ಹೇಳಿದರು. ಇದೇ ಅಷ್ಟಾಂಗ ಮಹಾನಿಮಿತ್ತ. ಗ್ರಹತಾರೆಗಳ ಗತಿ, ಭೂಮಿಯ ಲಕ್ಷಣ, ದೇಹದ ಅವಯವಗಳು, ಪ್ರಾಣಿಪಕ್ಷಿಗಳ ಧ್ವನಿ, ಮೈಮೇಲಿನ ಮಚ್ಚೆ, ಹರಿದ ಬಟ್ಟೆ, ನಿದ್ರೆಯಲ್ಲಿ ಕಂಡ ಕನಸು, ಇವೆಲ್ಲವೂ ಬಲ್ಲವರ ಪಾಲಿಗೆ ಓದಬಹುದಾದ ಅಕ್ಷರಗಳೆನಿಸಿದ್ದವು.

ಆದರೆ ಇದೇ ನಿಮಿತ್ತವೆಂಬ ಪದಕ್ಕೆ ತತ್ತ್ವಶಾಸ್ತ್ರದಲ್ಲಿ ಮತ್ತೊಂದು ಅರ್ಥವಿದೆ. ಒಂದು ಕಾರ್ಯ ನಡೆಯುವುದಕ್ಕೆ ಎರಡು ಕಾರಣಗಳು ಬೇಕು. ಒಂದು ಉಪಾದಾನ, ಮತ್ತೊಂದು ನಿಮಿತ್ತ. ಮಡಕೆಗೆ ಮಣ್ಣು ಉಪಾದಾನ. ಕುಂಬಾರನೂ ಅವನ ತಿಗರಿಯೂ ನಿಮಿತ್ತ. ಎಷ್ಟು ನಿಪುಣನಾದ ಕುಂಬಾರನಾದರೂ ಮರಳಿನಿಂದ ಮಡಕೆ ಮಾಡಲಾರನು. ಹಾಗೆಯೇ ಜೀವವು ಒಳಗೆ ಪಕ್ವವಾಗಿರದಿದ್ದರೆ ಹೊರಗಿನ ಯಾವ ಘಟನೆಯೂ ಅದನ್ನು ತಿರುಗಿಸಲಾರದು. ಸೂಚಿಸುವುದೂ ನಿಮಿತ್ತ, ತಿರುಗಿಸುವುದೂ ನಿಮಿತ್ತ, ಎರಡೂ ಹೊರಗಿನವು. ತಿರುಗುವುದು ಮಾತ್ರ ಒಳಗಿನದು. ಪುರಾಣಗಳ ಸೂಚನೆಗಳನ್ನೆಲ್ಲ ಈ ಒಂದು ವಿವೇಕದಿಂದ ನೋಡಿದರೆ ಅವು ಕೇವಲ ಅದ್ಭುತ ಕಥೆಗಳಾಗಿ ಉಳಿಯದೆ ಬಾಳಿಗೆ ಬೇಕಾದ ಪಾಠಗಳಾಗುತ್ತವೆ.

ಮಾತೆಯ ಕನಸು, ನೀಲಾಂಜನೆಯ ನೃತ್ಯ

ಪಂಚಕಲ್ಯಾಣ ಮಹೋತ್ಸವದ ಗರ್ಭಕಲ್ಯಾಣದಂದು ಮರುದೇವಿಯ 16 ಸ್ವಪ್ನಗಳನ್ನು ಪ್ರದರ್ಶಿಸುವುದು ದಿಗಂಬರ ಸಂಪ್ರದಾಯದಲ್ಲಿ ರೂಢಿಯಾಗಿದೆ. ಐರಾವತ, ವೃಷಭ, ಸಿಂಹ, ಲಕ್ಷ್ಮಿ, ಪುಷ್ಪಮಾಲೆಗಳು, ಪೂರ್ಣಚಂದ್ರ, ಉದಯಸೂರ್ಯ ಮೊದಲಾದವುಗಳನ್ನು ಕಂಡ ಮಾತೆಯು ನಾಭಿರಾಜನಲ್ಲಿ ಅವುಗಳ ಫಲವನ್ನು ಕೇಳುತ್ತಾಳೆ. ಶ್ವೇತಾಂಬರ ಪರಂಪರೆಯಲ್ಲಿ ಈ ಸ್ವಪ್ನಗಳ ಸಂಖ್ಯೆ 14. ಎಣಿಕೆ ಬೇರೆಯಾದರೂ ಭಾವ ಒಂದೇ: ಮಹಾತ್ಮನ ಆಗಮನವನ್ನು ಮೊದಲು ತಿಳಿಯುವವಳು ತಾಯಿ.

ಕನಸು ಜನನವನ್ನು ಸೂಚಿಸಿತು. ಆದರೆ ವೈರಾಗ್ಯವನ್ನು ಉಂಟುಮಾಡಲಿಲ್ಲ. ಅದಕ್ಕೆ ಮತ್ತೊಂದು ಘಳಿಗೆ ಬರಬೇಕಾಯಿತು. ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರ ಪೂರ್ವಪುರಾಣದಲ್ಲಿಯೂ, ಅದನ್ನು ಅನುಸರಿಸಿ ಕ್ರಿ. ಶ. 941ರಲ್ಲಿ ಪಂಪ ಮಹಾಕವಿಯು ರಚಿಸಿದ ಆದಿಪುರಾಣದಲ್ಲಿಯೂ ಬರುವ ನೀಲಾಂಜನೆಯ ಪ್ರಸಂಗವನ್ನು ಅರಿಯದ ಕನ್ನಡಿಗರು ವಿರಳ. ವೃಷಭನಾಥನು ರಾಜ್ಯಭೋಗದಲ್ಲಿಯೇ ಇರುವುದನ್ನು ಕಂಡ ದೇವೇಂದ್ರನು ಆಯುಷ್ಯ ಮುಗಿಯುತ್ತ ಬಂದಿದ್ದ ನೀಲಾಂಜನೆಯನ್ನೇ ಆರಿಸಿ ಆಸ್ಥಾನದಲ್ಲಿ ನರ್ತಿಸಲು ನಿಯೋಜಿಸುತ್ತಾನೆ. ನೃತ್ಯದ ನಡುವೆ ಆಕೆಯ ಆಯುಷ್ಯ ತೀರಿ ದೇಹ ಮಿಂಚಿನಂತೆ ಮರೆಯಾಗುತ್ತದೆ. ರಸಭಂಗವಾಗದಂತೆ ಇಂದ್ರನು ಅದೇ ರೂಪಿನ ಮತ್ತೊಬ್ಬ ನರ್ತಕಿಯನ್ನು ಆ ಕ್ಷಣದಲ್ಲಿಯೇ ನಿಲ್ಲಿಸುತ್ತಾನೆ. ತಾಳ ತಪ್ಪಲಿಲ್ಲ, ಹೆಜ್ಜೆ ತಪ್ಪಲಿಲ್ಲ.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಆಸ್ಥಾನವೆಲ್ಲ ಆ ನೃತ್ಯವನ್ನು ನೋಡಿತು. ಒಂದೇ ದೃಶ್ಯ ನೂರಾರು ಕಣ್ಣುಗಳ ಮುಂದೆ ನಡೆಯಿತು. ಆದರೆ ನರ್ತಕಿ ಅಳಿದುದನ್ನು ಕಂಡವನು ಸಿಂಹಾಸನದ ಮೇಲಿದ್ದ ಒಬ್ಬನೇ. ಉಳಿದವರಿಗೆ ಅದು ಮನೋರಂಜನೆಯಾಗಿಯೇ ಮುಗಿಯಿತು. ಅವನಿಗೆ ಅದು ದೀಕ್ಷೆಯ ಬಾಗಿಲಾಯಿತು. ನಿಮಿತ್ತ ಎಲ್ಲರಿಗೂ ಸಮಾನವಾಗಿತ್ತು, ಉಪಾದಾನ ಸಮಾನವಾಗಿರಲಿಲ್ಲ. ಈ ಪ್ರಸಂಗದ ಪ್ರಾಚೀನತೆಯೂ ಸ್ಮರಣೀಯ. ಮಥುರೆಯ ಕಂಕಾಲೀ ದಿಬ್ಬದಲ್ಲಿ ದೊರೆತು ಲಖನೌ ವಸ್ತುಸಂಗ್ರಹಾಲಯದಲ್ಲಿರುವ ಒಂದು ಅತಿ ಪುರಾತನ ಶಿಲಾಫಲಕದಲ್ಲಿ ಕಾಣುವ ನೃತ್ಯವು ನೀಲಾಂಜನೆಯದೆಂದು ವಿದ್ವಾಂಸರು ಗುರುತಿಸಿದ್ದಾರೆ. ಜಿನಸೇನರಿಗಿಂತ ಹಲವು ಶತಮಾನಗಳ ಮೊದಲೇ ಈ ಕಥೆ ಕಲ್ಲಿನಲ್ಲಿ ಮೂಡಿತ್ತೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಅಳಿಸಿದ ಹೆಸರು, ನಿಂತ ಚಕ್ರ

ಆದಿನಾಥನ ಜ್ಯೇಷ್ಠಪುತ್ರನಾದ ಭರತನ ಚರಿತ್ರೆಯಲ್ಲಿ ಮುನ್ಸೂಚನೆಯ ಮತ್ತೊಂದು ಬಗೆಯನ್ನು ಕಾಣಬಹುದು. ಷಟ್ಖಂಡಗಳನ್ನು ಗೆದ್ದ ಭರತನು ತನ್ನ ಹೆಸರನ್ನು ಕೆತ್ತಿಸಬೇಕೆಂದು ವೃಷಭಾಚಲಕ್ಕೆ ಹೋಗುತ್ತಾನೆ. ತನ್ನಂತೆ ಗೆದ್ದವರು ಹಿಂದೆ ಯಾರೂ ಇರಲಾರರೆಂಬ ಭಾವನೆ ಅವನದು. ಆದರೆ ಪರ್ವತದ ಮೈತುಂಬ ಹಿಂದಿನ ಚಕ್ರವರ್ತಿಗಳ ಹೆಸರುಗಳೇ ಇದ್ದು ಒಂದು ಸಾಲಿಗೂ ತೆರವಿರಲಿಲ್ಲ. ಕೊನೆಗೆ ಯಾರೋ ಒಬ್ಬ ಪೂರ್ವರಾಜನ ಹೆಸರನ್ನು ಅಳಿಸಿ ಅಲ್ಲಿ ತನ್ನ ಹೆಸರನ್ನು ಬರೆಯಬೇಕಾಯಿತು.

ಬಲ್ಲವನಿಗೆ ಇದಕ್ಕಿಂತ ದೊಡ್ಡ ಸೂಚನೆ ಬೇಕಿರಲಿಲ್ಲ. ಒಬ್ಬನ ಹೆಸರನ್ನು ಅಳಿಸಿ ಬರೆದುಕೊಂಡವನ ಹೆಸರನ್ನು ಮತ್ತೊಬ್ಬನು ಅಳಿಸುವನೆಂಬುದು ಯಾವ ನೈಮಿತ್ತಿಕನೂ ಹೇಳಬೇಕಾಗಿಲ್ಲದ ಲೆಕ್ಕ. ಭರತನ ಗರ್ವ ಅಲ್ಲಿ ಕುಗ್ಗಿತು, ಆದರೆ ಕರಗಲಿಲ್ಲ. ಅವನು ಅಯೋಧ್ಯೆಗೆ ಮರಳಿದಾಗ ಎರಡನೆಯ ಸೂಚನೆ ಕಾಣಿಸಿತು. ದಿಗ್ವಿಜಯದಲ್ಲಿ ಎಲ್ಲಿಯೂ ತಡೆಯದ ಚಕ್ರರತ್ನವು ಸ್ವಂತ ನಗರದ ದ್ವಾರದಲ್ಲಿ ನಿಂತುಬಿಟ್ಟಿತು. ತಮ್ಮಂದಿರು ಇನ್ನೂ ತಲೆಬಾಗಿಲ್ಲವೆಂದು ಪುರೋಹಿತನು ಅದರ ಅರ್ಥವನ್ನು ವಿವರಿಸಿದನು. ಗೆಲ್ಲಬೇಕಾದುದು ಹೊರಗೆ ಮುಗಿದಿದೆ, ಉಳಿದಿರುವುದು ಮನೆಯೊಳಗೆ ಎಂಬ ಮತ್ತೊಂದು ಅರ್ಥವೂ ಅದಕ್ಕಿದ್ದಿತು. ಭರತನು ಮೊದಲನೆಯ ಅರ್ಥವನ್ನೇ ಹಿಡಿದನು. ಫಲವಾಗಿ ಅಣ್ಣತಮ್ಮಂದಿರು ಯುದ್ಧಭೂಮಿಯಲ್ಲಿ ಎದುರಾದರು.

ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲಿಯೂ ಬಾಹುಬಲಿಯೇ ಗೆದ್ದನು. ಸೋತ ಅಣ್ಣನು ಚಕ್ರವನ್ನು ಪ್ರಯೋಗಿಸಿದಾಗ ಅದು ಬಾಹುಬಲಿಗೆ ಪ್ರದಕ್ಷಿಣೆ ಬಂದು ನಿಂತಿತು. ರಾಜ್ಯವೆಲ್ಲ ಕೈಗೆ ಬಂದ ಆ ಘಳಿಗೆಯಲ್ಲಿಯೇ ಬಾಹುಬಲಿಗೆ ರಾಜ್ಯದ ಮೇಲೆ ಹೇಸಿಕೆ ಹುಟ್ಟಿತು. ಸೋತಾಗ ವೈರಾಗ್ಯ ಬರುವುದು ಲೋಕದಲ್ಲಿ ಸಾಮಾನ್ಯ. ಗೆದ್ದಾಗ ಬಂದುದು ಬಾಹುಬಲಿಯ ಹಿರಿಮೆ. ಒಂದೇ ಚಕ್ರ ಅಣ್ಣನಿಗೆ ಆಜ್ಞೆಯಾಗಿ ತೋರಿತು, ತಮ್ಮನಿಗೆ ಅರಿವಾಗಿ ಪರಿಣಮಿಸಿತು.

ಚಂದ್ರಗಿರಿಯ ಸಾಕ್ಷ್ಯ

ಪುರಾಣದಿಂದ ಇತಿಹಾಸದ ಕಡೆಗೆ ಬಂದರೆ ಮೊದಲು ಕಾಣುವುದು ಶ್ರವಣಬೆಳಗೊಳದ ಚಿಕ್ಕಬೆಟ್ಟ. ಭದ್ರಬಾಹು ಮತ್ತು ಚಂದ್ರಗುಪ್ತ ಮುನಿಗಳ ಹೆಸರಿನೊಂದಿಗೆ ಬೆರೆತಿರುವ ಈ ಬೆಟ್ಟದ ಕಥೆಯಲ್ಲಿ ಮುನ್ಸೂಚನೆಯೇ ಪ್ರಧಾನ. ಮೌರ್ಯ ಚಕ್ರವರ್ತಿ ಚಂದ್ರಗುಪ್ತನು ಕಾರ್ತಿಕ ಹುಣ್ಣಿಮೆಯ ರಾತ್ರಿ 16 ಕನಸುಗಳನ್ನು ಕಂಡನೆಂದು ಪ್ರಸಿದ್ಧಿ. ಮುಳುಗುವ ಸೂರ್ಯ, ಮುರಿದು ಬಿದ್ದ ಕಲ್ಪವೃಕ್ಷದ ಕೊಂಬೆ, ಬಿರುಕುಬಿಟ್ಟ ಚಂದ್ರಬಿಂಬ, ಬತ್ತಿದ ಸರೋವರ, ಸಿಂಹಾಸನವನ್ನೇರಿದ ಕೋತಿ, ಚಿನ್ನದ ಪಾತ್ರೆಯಲ್ಲಿ ಪಾಯಸ ಉಣ್ಣುವ ನಾಯಿ, ಕೊನೆಯಲ್ಲಿ 12 ಹೆಡೆಗಳ ಸರ್ಪ. ಆ ಸರ್ಪವೇ 12 ವರ್ಷಗಳ ಕ್ಷಾಮವೆಂದು ಭದ್ರಬಾಹುಸ್ವಾಮಿಗಳು ವಿವರಿಸಿದರೆಂದೂ, ಅರಸನು ಮಗನಿಗೆ ರಾಜ್ಯವನ್ನೊಪ್ಪಿಸಿ ದೀಕ್ಷೆ ವಹಿಸಿ ಗುರುಗಳೊಡನೆ ದಕ್ಷಿಣಕ್ಕೆ ಬಂದನೆಂದೂ ಕಥೆ ಹೇಳುತ್ತದೆ.

ಈ ಕಥೆ ಬೆಳೆದುಬಂದ ಬಗೆಯನ್ನು ಶಾಸನ ಮತ್ತು ಗ್ರಂಥಗಳ ಕ್ರಮದಲ್ಲಿ ನೋಡುವುದು ಬೋಧಪ್ರದ. ಬೆಟ್ಟದ ಮೇಲೆ ಪಾರ್ಶ್ವನಾಥ ಬಸದಿಯ ಬಳಿಯಿರುವ, ಸುಮಾರು ಕ್ರಿ. ಶ. 600ರ ಸಂಸ್ಕೃತ ಶಾಸನವು ಅಲ್ಲಿಯ ಅತ್ಯಂತ ಹಳೆಯ ಬರಹ. ಅಷ್ಟಾಂಗ ಮಹಾನಿಮಿತ್ತವನ್ನು ಬಲ್ಲ ಭದ್ರಬಾಹುಸ್ವಾಮಿಗಳು ಉಜ್ಜಯಿನಿಯಲ್ಲಿ 12 ವರ್ಷಗಳ ವಿಪತ್ತನ್ನು ಮುಂಗಂಡು ಹೇಳಿದುದನ್ನೂ, ಸಂಘವು ಉತ್ತರಾಪಥದಿಂದ ದಕ್ಷಿಣಾಪಥಕ್ಕೆ ಹೊರಟುದನ್ನೂ, ಕಟವಪ್ರ ಗಿರಿಯಲ್ಲಿ ಪ್ರಭಾಚಂದ್ರರೆಂಬ ಆಚಾರ್ಯರು ಸಮಾಧಿ ಹೊಂದಿದುದನ್ನೂ ಅದು ತಿಳಿಸುತ್ತದೆ. ಅದರಲ್ಲಿ ಅರಸನ ಕನಸುಗಳಿಲ್ಲ. ಏಳನೆಯ ಶತಮಾನದ ಮತ್ತೊಂದು ಶಾಸನದಲ್ಲಿ ಭದ್ರಬಾಹು ಮತ್ತು ಚಂದ್ರಗುಪ್ತ ಮುನೀಂದ್ರರ ಜೋಡಿಹೆಸರು ಕಾಣಿಸುತ್ತದೆ. ಶ್ರೀರಂಗಪಟ್ಟಣದ ಪರಿಸರದ ಸುಮಾರು ಕ್ರಿ. ಶ. 900ರ ಶಾಸನಗಳು ಕಳ್ವಪ್ಪು ಬೆಟ್ಟದ ಶಿಖರದಲ್ಲಿ ಆ ಇಬ್ಬರ ಪಾದಚಿಹ್ನೆಗಳಿರುವುದನ್ನು ಹೇಳುತ್ತವೆ. ಹರಿಷೇಣನು ಕ್ರಿ. ಶ. 931ರ ಸುಮಾರಿಗೆ ರಚಿಸಿದ ಬೃಹತ್ಕಥಾಕೋಶದಲ್ಲಿ ಭಿಕ್ಷೆಗೆ ಹೋದ ಭದ್ರಬಾಹುವಿಗೆ ತೊಟ್ಟಿಲ ಕೂಸು ಬೇಗ ಹೊರಟುಹೋಗೆಂದು ನುಡಿದು ಕ್ಷಾಮವನ್ನು ಸೂಚಿಸುತ್ತದೆ. ಅಲ್ಲಿ ಸಂಘವನ್ನು ದಕ್ಷಿಣದ ಪುನ್ನಾಟ ದೇಶಕ್ಕೆ ಕರೆತರುವವನು ವಿಶಾಖಾಚಾರ್ಯನೆಂಬ ಹೆಸರು ಪಡೆದ ಚಂದ್ರಗುಪ್ತ. ರತ್ನನಂದಿಯ ಭದ್ರಬಾಹುಚರಿತದಲ್ಲಿಯೂ ಹತ್ತೊಂಬತ್ತನೆಯ ಶತಮಾನದ ದೇವಚಂದ್ರನ ರಾಜಾವಳೀಕಥೆಯಲ್ಲಿಯೂ 16 ಕನಸುಗಳು ಒಂದೊಂದಾಗಿ ವಿವರಗೊಂಡಿವೆ.

ಕಾಲ ಕಳೆದಂತೆ ಸೂಚನೆಗಳ ಸಂಖ್ಯೆ ಏರುತ್ತ ಹೋದುದು ಇದರಿಂದ ಸ್ಪಷ್ಟ. ಇದನ್ನು ಕಂಡು ಕಥೆಯನ್ನೇ ಅಲ್ಲಗಳೆಯುವುದು ಆತುರದ ಮಾತಾಗುತ್ತದೆ. ಕಥೆಗಾರರು ಸುಳ್ಳು ಹೇಳಹೊರಟವರಲ್ಲ. ಸಾಮ್ರಾಜ್ಯವನ್ನಾಳಿದವನೊಬ್ಬನು ಅದನ್ನು ಬಿಟ್ಟು ಬರಿಗಾಲಿನಲ್ಲಿ ನಡೆದು ಬಂದನೆಂಬ ಸಂಗತಿ ಅವರ ಮನಸ್ಸನ್ನು ಕಾಡಿತು. ಇಷ್ಟು ದೊಡ್ಡ ತ್ಯಾಗಕ್ಕೆ ಅಷ್ಟೇ ದೊಡ್ಡ ಕಾರಣವನ್ನು ಅವರು ಅರಸಿದರು. ಅದಕ್ಕೆ ಮಾದರಿಯೂ ಅವರ ಮುಂದಿತ್ತು. ತೀರ್ಥಂಕರನ ಆಗಮನವನ್ನು ಸಾರುವ ಮರುದೇವಿಯ 16 ಶುಭಸ್ವಪ್ನಗಳು ಒಂದು ತುದಿ. ಪಂಚಮಕಾಲದ ಅವನತಿಯನ್ನು ಸೂಚಿಸುವ, ಪೂರ್ವಪುರಾಣದಲ್ಲಿ ಭರತನು ಕಂಡ 16 ಸ್ವಪ್ನಗಳು ಮತ್ತೊಂದು ತುದಿ. ಚಂದ್ರಗುಪ್ತನ ಸ್ವಪ್ನಗಳು ಈ ಎರಡನೆಯ ಸಾಲಿಗೆ ಸೇರಿದವು. ಕನಸುಗಳನ್ನೆಲ್ಲ ಬದಿಗಿಟ್ಟು ನೋಡಿದರೂ ಬೆಟ್ಟ ಉಳಿಯುತ್ತದೆ, ಭದ್ರಬಾಹು ಗುಹೆಯ ಪಾದಗಳು ಉಳಿಯುತ್ತವೆ, ಅನ್ನನೀರು ತೊರೆದು ಸಮಾಧಿ ಹೊಂದಿದವರ ನಿಸಿಧಿಗಳು ಉಳಿಯುತ್ತವೆ. ಬಿ. ಎಲ್. ರೈಸ್ ಅವರು 1889ರಲ್ಲಿ ಬೆಳಗೊಳದ 144 ಶಾಸನಗಳನ್ನು ಪ್ರಕಟಿಸಿದರು, 1923ರಲ್ಲಿ ಆರ್. ನರಸಿಂಹಾಚಾರ್ಯರು ಆ ಸಂಖ್ಯೆಯನ್ನು 500ಕ್ಕೆ ಏರಿಸಿದರು. ಚಂದ್ರಗುಪ್ತ ಬಸದಿಯ ಕಲ್ಲಿನ ಜಾಲಂಧ್ರಗಳಲ್ಲಿ ಗುರುಶಿಷ್ಯರ ಕಥೆಯನ್ನು ಸಣ್ಣ ಸಣ್ಣ ಚೌಕಗಳಲ್ಲಿ ಕೆತ್ತಿಡಲಾಗಿದೆ. ದಾಸೋಜನೆಂಬ ಶಿಲ್ಪಿಯ ಹೆಸರೂ ಅಲ್ಲಿದೆ.

ಕಣಜ ತುಂಬಿದ ಶ್ರೇಷ್ಠಿಗಳು

ರತ್ನನಂದಿಯ ಕಥೆಯಲ್ಲಿ ವ್ಯಾಪಾರವೃತ್ತಿಯ ಶ್ರಾವಕರು ವಿಶೇಷವಾಗಿ ನೆನಪಿಡಬೇಕಾದ ಒಂದು ಸಂದರ್ಭವಿದೆ. ಕ್ಷಾಮ ಬರುವುದೆಂದು ಭದ್ರಬಾಹುಸ್ವಾಮಿಗಳು ಹೇಳಿದಾಗ ಉಜ್ಜಯಿನಿಯ ಸಿರಿವಂತ ಶ್ರೇಷ್ಠಿಗಳು ಅವರನ್ನು ತಡೆಯುತ್ತಾರೆ. ತಮ್ಮ ಕಣಜಗಳಲ್ಲಿ ಸಾಕಷ್ಟು ಧಾನ್ಯವಿದೆ, ಎಷ್ಟು ವರ್ಷವಾದರೂ ಸಂಘವನ್ನು ಪೋಷಿಸುತ್ತೇವೆ ಎಂದು ಬೇಡಿಕೊಳ್ಳುತ್ತಾರೆ. ಅವರ ಭಕ್ತಿಯಲ್ಲಿ ಕಪಟವಿರಲಿಲ್ಲ. ಅವರ ಲೆಕ್ಕವೂ ತಪ್ಪಿರಲಿಲ್ಲ. ಎಷ್ಟು ಮುನಿಗಳು, ಎಷ್ಟು ಧಾನ್ಯ, ಎಷ್ಟು ವರ್ಷ ಎಂಬುದನ್ನು ಅವರು ಬಲ್ಲವರೇ. ಲೆಕ್ಕಕ್ಕೆ ಸೇರದೆ ಉಳಿದುದು ಹಸಿದ ಊರಿನ ಬಾಗಿಲು. ಸುತ್ತಲಿನವರೆಲ್ಲ ಉಪವಾಸವಿರುವಾಗ ಕೆಲವರಿಗೆ ಮಾತ್ರ ಅನ್ನ ದೊರೆಯುವಂತೆ ಕಾಪಾಡುವುದು ಯಾವ ಕಣಜದಿಂದಲೂ ಸಾಧ್ಯವಿಲ್ಲ. ಶ್ರೇಷ್ಠಿಗಳ ಮಾತನ್ನು ನಂಬಿ ಉಳಿದವರ ಆಚಾರ ಸಡಿಲಗೊಂಡಿತೆಂದೂ, ಸಂಘಭೇದದ ಬೀಜ ಅಲ್ಲಿಯೇ ಬಿದ್ದಿತೆಂದೂ ದಿಗಂಬರ ಪರಂಪರೆ ಹೇಳುತ್ತದೆ.

ಒಂದೇ ಸೂಚನೆಯನ್ನು ಮೂವರು ಮೂರು ಬಗೆಯಾಗಿ ಓದಿದರು. ಶ್ರೇಷ್ಠಿಗಳು ಅದನ್ನು ಕಣಜದ ಲೆಕ್ಕವಾಗಿ ಓದಿದರು. ಉಳಿದ ಮುನಿಗಳು ಹೇಗೋ ಕಳೆಯಬಹುದಾದ ಕಷ್ಟವೆಂದು ಓದಿದರು. ಚಂದ್ರಗುಪ್ತನು ತನ್ನ ಬಾಳಿನ ತಿರುವೆಂದು ಓದಿದನು. ಇಲ್ಲಿ ಕಾಣುವ ಮತ್ತೊಂದು ಹಿರಿದಾದ ಅಂಶವೆಂದರೆ, ನಿಮಿತ್ತಜ್ಞಾನಿಗಳಾದ ಭದ್ರಬಾಹುಸ್ವಾಮಿಗಳು ಕ್ಷಾಮವನ್ನು ತಪ್ಪಿಸಲು ಮಂತ್ರತಂತ್ರಗಳ ಮೊರೆಹೋಗಲಿಲ್ಲ, ವಿಧಿಯೆಂದು ಕೈಕಟ್ಟಿ ಕುಳಿತುಕೊಳ್ಳಲೂ ಇಲ್ಲ. ಧರ್ಮ ಕೆಡದಂತೆ ನಡೆಯಬೇಕಾದ ದಾರಿಯನ್ನು ಹುಡುಕಿ ಹೊರಟರು. ಸೂಚನೆಯ ಸದ್ವಿನಿಯೋಗ ಇದೇ.

ಸೂಚನೆಯೇ ಇಲ್ಲದ ತಿರುವು

ವಿಂಧ್ಯಗಿರಿಯ 58 ಅಡಿ ಎತ್ತರದ ಗೊಮ್ಮಟಮೂರ್ತಿಯ ವಿಷಯವನ್ನೂ ಇಲ್ಲಿ ನೆನೆಯಬಹುದು. ಕ್ರಿ. ಶ. 981ರ ಸುಮಾರಿನ ಆ ಮೂರ್ತಿಯ ಪಾದಗಳ ಬಳಿಯ ಶಾಸನ ಅದನ್ನು ಚಾವುಂಡರಾಯನು ಮಾಡಿಸಿದನೆಂದಷ್ಟೇ ತಿಳಿಸುತ್ತದೆ. ಸುಮಾರು 1180ರ ಬೊಪ್ಪಣ ಕವಿಯ ಶಾಸನದಲ್ಲಿ ಪೌದನಪುರದ ಮೂರ್ತಿಯನ್ನು ನೋಡಬೇಕೆಂಬ ರಾಯನ ಬಯಕೆಯೂ, ಅಲ್ಲಿಗೆ ಹೋಗುವುದು ಅಸಾಧ್ಯವೆಂದು ತಿಳಿದು ಅಂಥದೇ ಮೂರ್ತಿಯನ್ನು ಮಾಡಿಸಿದುದೂ ಬರುತ್ತದೆ. ಕನಸಿನಲ್ಲಿ ದೇವಿ ಕಾಣಿಸಿಕೊಂಡು ಚಿಕ್ಕಬೆಟ್ಟದಿಂದ ಬಾಣ ಬಿಡುವಂತೆ ಹೇಳಿದ ವೃತ್ತಾಂತ ಅನಂತರದ ಕಥೆಗಳದು. ಹತ್ತಿರದ ಕಾಲದವರು ಕೆಲಸವನ್ನು ಬರೆದರು, ಮುಂದಿನವರು ಬಯಕೆಯನ್ನು ಬರೆದರು, ಅದಕ್ಕೂ ಮುಂದಿನವರು ಕನಸನ್ನು ಬರೆದರು.

ಯಾವ ಕನಸೂ ಬೀಳದೆ ಬಾಳು ತಿರುಗಿದವರ ಪೈಕಿ ದಾನಚಿಂತಾಮಣಿ ಅತ್ತಿಮಬ್ಬೆ ಅಗ್ರಗಣ್ಯಳು. ಚಾಲುಕ್ಯರ ಸೇವೆಯಲ್ಲಿದ್ದ ಆಕೆಯ ಪತಿ ನಾಗದೇವನು ಯುದ್ಧದಲ್ಲಿ ಮಡಿದನು. ಆಕೆಯ ತಂಗಿಯೂ ಅದೇ ನಾಗದೇವನ ಮತ್ತೊಬ್ಬ ಪತ್ನಿಯೂ ಆಗಿದ್ದ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಬದುಕುವುದನ್ನು ಆರಿಸಿಕೊಂಡಳು. ಒಂದೇ ಮನೆಯ ಇಬ್ಬರು ಅಕ್ಕತಂಗಿಯರಿಗೆ ಒಂದೇ ದಿನ ಒಂದೇ ಸಿಡಿಲು ಬಡಿದಾಗ ಇಬ್ಬರೂ ಎರಡು ದಾರಿ ಹಿಡಿದರು. ಉಳಿದವಳು ಮಗ ಅಣ್ಣಿಗದೇವನನ್ನು ಬೆಳೆಸಿದಳು, 1500 ಜಿನಬಿಂಬಗಳನ್ನು ಮಾಡಿಸಿ ದಾನವಿತ್ತಳು, ಪೊನ್ನನ ಶಾಂತಿಪುರಾಣದ 1000 ಓಲೆಪ್ರತಿಗಳನ್ನು ಬರೆಯಿಸಿ ಹಂಚಿದಳು. ಕ್ರಿ. ಶ. 993ರಲ್ಲಿ ರನ್ನನಿಂದ ಅಜಿತಪುರಾಣವನ್ನು ರಚಿಸಿಸಿದಳು. ಲಕ್ಕುಂಡಿಯಲ್ಲಿ ಆಕೆ ಕಟ್ಟಿಸಿದ ಜಿನಾಲಯವೂ ಕ್ರಿ. ಶ. 1007ರ ಶಾಸನವೂ ಇಂದಿಗೂ ನಿಂತಿವೆ.

ಆಕೆ ಪ್ರತಿ ಮಾಡಿಸಿದ ಶಾಂತಿಪುರಾಣವನ್ನು ಪೊನ್ನನಿಂದ ಮೊದಲು ಬರೆಯಿಸಿದವರು ಆಕೆಯ ತಂದೆ ಮಲ್ಲಪ ಮತ್ತು ಆತನ ಸೋದರ ಪುನ್ನಮಯ್ಯ. ಅಂದರೆ ಮುಂದೆ ಆಕೆಯ ಬಾಳಿಗೆ ಆಧಾರವಾಗಲಿದ್ದ ಗ್ರಂಥ ತವರುಮನೆಯಲ್ಲಿಯೇ ಹುಟ್ಟಿತ್ತು. ಆಗ ಅದನ್ನು ಸೂಚನೆಯೆಂದು ಯಾರು ತಾನೇ ಕಂಡಿರಬಲ್ಲರು? ಅದು ಸೂಚನೆಯಾದುದು ಆಕೆ ಮುಂದೆ ಮಾಡಿದ ಕೆಲಸದಿಂದ. ಬಾಳಿನ ಮುನ್ಸೂಚನೆಗಳು ಹಲವು ಸಲ ಹೀಗೆಯೇ. ಬೀಜ ಬಿದ್ದಾಗ ಯಾರೂ ನೋಡಿರುವುದಿಲ್ಲ, ಮರ ಬೆಳೆದ ಮೇಲೆ ಎಲ್ಲರೂ ಬೀಜವನ್ನು ನೆನೆಯುತ್ತಾರೆ.

ಉಪಸಂಹಾರ

ಇಷ್ಟನ್ನು ಅವಲೋಕಿಸಿದ ಮೇಲೆ ಪೂರ್ವಿಕರ ಆಶಯ ವಿಶದವಾಗುತ್ತದೆ. ಶಕುನ, ಕನಸು, ಗ್ರಹಗತಿಗಳನ್ನು ಹುಡುಕಿಕೊಂಡು ಅಲೆಯಬೇಕೆಂದು ಪುರಾಣಗಳು ಹೇಳಲಿಲ್ಲ. ಸೂಚನೆ ಬಂದಾಗ ಅದನ್ನು ಕಾಣಬಲ್ಲ ಕಣ್ಣು ಇರಲಿ, ಸೂಚನೆಯಿಲ್ಲದೆ ಸಿಡಿಲೆರಗಿದಾಗ ನಿಲ್ಲಬಲ್ಲ ಧೃತಿ ಇರಲಿ ಎಂದು ಹೇಳಿದವು. ಆ ಕಣ್ಣೂ ಧೃತಿಯೂ ಒಂದು ದಿನದಲ್ಲಿ ಬರುವುವಲ್ಲ. ನಿತ್ಯದ ಸ್ವಾಧ್ಯಾಯ, ವ್ರತನಿಯಮ, ದಾನ, ನ್ಯಾಯವಾದ ಗಳಿಕೆ ಇವುಗಳಿಂದ ಅವು ಸ್ವಲ್ಪಸ್ವಲ್ಪವಾಗಿ ಕೂಡುತ್ತವೆ. ಉಪಾದಾನವನ್ನು ಸಿದ್ಧಪಡಿಸುವುದು ಮನುಷ್ಯನ ಕೈಯಲ್ಲಿದೆ. ನಿಮಿತ್ತ ತನ್ನ ಕಾಲಕ್ಕೆ ತಾನೇ ಬರುತ್ತದೆ.

ಪಂಚಕಲ್ಯಾಣದ ದೀಕ್ಷಾಕಲ್ಯಾಣದಂದು ನೀಲಾಂಜನೆಯ ನೃತ್ಯವನ್ನು ಮಂಟಪದಲ್ಲಿ ಆಡಿ ತೋರಿಸುವ ವಾಡಿಕೆಯಿದೆ. ಮಕ್ಕಳೂ ಮುದುಕರೂ ನೆರೆದು ಅದನ್ನು ನೋಡುತ್ತಾರೆ. ನೃತ್ಯ ಚೆನ್ನಾಗಿತ್ತೆಂದು ಹೇಳಿಕೊಂಡು ಮನೆಗೆ ಹೋಗುವವರೇ ಹೆಚ್ಚು. ಅದರಲ್ಲಿ ದೋಷವೇನೂ ಇಲ್ಲ, ಆದಿನಾಥನ ಆಸ್ಥಾನದವರೂ ಹಾಗೆಯೇ ಹೋದರು. ಆದರೆ ನೆರೆದ ಸಾವಿರ ಜನರಲ್ಲಿ ಯಾರಾದರೊಬ್ಬರು, ನರ್ತಕಿ ಮರೆಯಾದ ಆ ಒಂದು ಕ್ಷಣವನ್ನು ಕಂಡು ಸುಮ್ಮನೆ ಕುಳಿತುಬಿಟ್ಟರೆ, ಪ್ರತಿಷ್ಠಾಪನೆಯ ಇಷ್ಟೆಲ್ಲ ಶ್ರಮವೂ ವೆಚ್ಚವೂ ಸಾರ್ಥಕ.